ಬೇಟೆಯ ಅಟ್ಟಣೆಯನ್ನು ಜಿಂಕೆ ನೆನಪಿಡುತ್ತದೆಯೇ?

ಬಿಳಿಬಾಲದ ಜಿಂಕೆಯು ಅಮೆರಿಕದ ಪ್ರಮುಖ ಬೇಟೆಪ್ರಾಣಿ. ಅಲ್ಲಿ ನಿಗದಿತ ಋತುವಿನಲ್ಲಿ ಪರವಾನಗಿ ಪಡೆದು ಅದನ್ನು ಬೇಟೆಯಾಡಬಹುದು. ಮರದ ಮೇಲೆ ಅಟ್ಟಣೆ ಕಟ್ಟಿ ಕಾಯುವುದು ರೂಢಿ. ಆದರೆ ಋತು ಆರಂಭವಾದ ಕೆಲವೇ ದಿನಗಳಲ್ಲಿ ಜಿಂಕೆಗಳು ಕಣ್ಮರೆಯಾಗುತ್ತವೆ ಎಂಬುದು ಬೇಟೆಗಾರರ ಹಳೆಯ ದೂರು.

ಅಲಬಾಮಾದ ಆಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ದಕ್ಷಿಣ ಕೆರೊಲಿನಾದ ಅರಣ್ಯವೊಂದರಲ್ಲಿ ಜಿಂಕೆಗಳ ಕೊರಳಿಗೆ ಜಿಪಿಎಸ್ ಪಟ್ಟಿ ತೊಡಿಸಿ ಅವುಗಳ ಚಲನವಲನವನ್ನು ದಾಖಲಿಸಿದರು. ಜಿಂಕೆಗಳು ಕಾಡು ತೊರೆದಿರಲಿಲ್ಲ. ಋತು ಮುಂದುವರಿದಂತೆ ಗಂಡು ಜಿಂಕೆಗಳು ಹಗಲಿನಲ್ಲಿ ಅಟ್ಟಣೆಯ ಆಸುಪಾಸಿನಿಂದ ದೂರ ಸರಿದು, ಇರುಳಿನಲ್ಲಿ ಅಲ್ಲಿಗೇ ಮರಳುತ್ತಿದ್ದವು. ಹೆಣ್ಣು ಜಿಂಕೆಗಳ ಕುರಿತ ಅಧ್ಯಯನ 2018ರಲ್ಲಿ ಪ್ರಕಟವಾಯಿತು.

ಜಿಂಕೆಯ ಘ್ರಾಣಶಕ್ತಿ ಅತ್ಯಂತ ತೀಕ್ಷ್ಣ. ಆದರೆ ಮನುಷ್ಯನ ವಾಸನೆಯೊಂದೇ ಕಾರಣವಾಗಿದ್ದರೆ ಅವು ಇರುಳಿನಲ್ಲೂ ದೂರವಿರಬೇಕಿತ್ತು. ಅಪಾಯದ ಸ್ಥಳದೊಂದಿಗೆ ವೇಳೆಯನ್ನೂ ಅವು ಕಲಿಯುತ್ತವೆ ಎಂಬುದನ್ನು ಇದು ಸೂಚಿಸುತ್ತದೆ.

ಈ ಅರಿವು ಬೇಟೆಗಾರರಿಗಷ್ಟೇ ಸಂಬಂಧಿಸಿದ್ದಲ್ಲ. ಜಿಂಕೆಗಳು ಮಿತಿಮೀರಿದರೆ ಕಾಡಿನ ಎಳೆಯ ಸಸಿಗಳು ಉಳಿಯುವುದಿಲ್ಲ, ರಸ್ತೆ ಅಪಘಾತಗಳೂ ಹೆಚ್ಚುತ್ತವೆ. ಹೀಗಿರುವಾಗ ಹಗಲಿನಲ್ಲಿ ಅಟ್ಟಣೆಯಿಂದ ಕಾಣಲಿಲ್ಲವೆಂದು ಅವುಗಳ ಸಂಖ್ಯೆಯೇ ಕುಸಿದಿದೆಯೆಂದು ತೀರ್ಮಾನಿಸುವುದು ತಪ್ಪಾದೀತು.