ಮಳೆ ಲೆಕ್ಕದ ಕಡತವೂ ಗಿಟ್ ತಂತ್ರಾಂಶವೂ: ಆವೃತ್ತಿ ನಿಯಂತ್ರಣದ ಮೊದಲ ಪರಿಚಯ

ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವುದು ಕಾಫಿ ತೋಟಗಳ ಹಳೆಯ ರೂಢಿ. ಹೂಮಳೆ ಯಾವಾಗ, ಎಷ್ಟು ಬಿತ್ತು ಎಂಬುದನ್ನು ವರ್ಷದ ಫಸಲು ಬಹುವಾಗಿ ಅವಲಂಬಿಸಿರುವುದರಿಂದ ಈ ಪುಸ್ತಕಕ್ಕೆ ಬೆಲೆಯುಂಟು. ಅದು ಗಣಕಯಂತ್ರಕ್ಕೆ ಬಂದೊಡನೆ ‘ಮಳೆ’, ‘ಮಳೆ-ಹೊಸದು’, ‘ಮಳೆ-ಕೊನೆಯದು’, ‘ಮಳೆ-ಕೊನೆಯದು-2’ ಎಂದು ಕಡತಗಳು ಹುಟ್ಟಿಕೊಳ್ಳುತ್ತವೆ. ಯಾವುದು ಸರಿಯೆಂದು ಬರೆದವರಿಗೇ ತಿಳಿಯದು. ಕಡತ ಒಂದೇ ಇದ್ದು, ಅದರಲ್ಲಿ ಯಾರು, ಯಾವಾಗ, ಏಕೆ ಏನನ್ನು ಬದಲಿಸಿದರೆಂಬುದನ್ನು ಕಾಪಿಡುವ ತಂತ್ರಾಂಶವೇ ಆವೃತ್ತಿ ನಿಯಂತ್ರಣ ವ್ಯವಸ್ಥೆ.

ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಗಿಟ್ ಅನ್ನು ಲಿನಕ್ಸ್ ಜನಕ ಲೈನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ರೂಪಿಸಿದರು. ಅದಕ್ಕೂ ಹಿಂದಿನ ಸಿವಿಎಸ್, ಸಬ್‌ವರ್ಷನ್‌ಗಳಲ್ಲಿ ಇತಿಹಾಸ ಕೇಂದ್ರ ಸರ್ವರ್‌ನಲ್ಲಿರುತ್ತದೆ. ಸಂಪರ್ಕ ಕಡಿದರೆ ದಾಖಲಿಸುವಂತಿಲ್ಲ. ಗಿಟ್‌ನಲ್ಲಾದರೋ ಸಾಮಾನ್ಯವಾಗಿ ಪ್ರತಿಯೊಬ್ಬರ ಯಂತ್ರದಲ್ಲಿಯೂ ಪೂರ್ಣ ಇತಿಹಾಸವಿರುತ್ತದೆ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮತ್ತೆ ಮತ್ತೆ ಮುಳುಗಿದ, ಮಳೆಗಾಲದಲ್ಲಿ ವಿದ್ಯುತ್ತೂ ದೂರವಾಣಿಯೂ ಕೈಕೊಡುವ ಕಳಸದ ಕಡೆಯವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕಳಸದ ತೋಟವೊಂದನ್ನು ಊಹಿಸಿಕೊಳ್ಳಿ. ರೈಟರ್ ಮಳೆ ಬರೆಯುತ್ತಾರೆ. ಬೆಂಗಳೂರಿನಲ್ಲಿರುವ ಮಾಲೀಕರ ಮಗ ಅದೇ ಕಡತವನ್ನು ತಿದ್ದುತ್ತಾನೆ. ಮೊದಲಿಗೆ ಕಡತದ ಕೋಶದಲ್ಲಿ ‘ಗಿಟ್ ಇನಿಟ್’ ಆಜ್ಞೆ ನೀಡಿ ಭಂಡಾರವನ್ನು ಸ್ಥಾಪಿಸಬೇಕು. ಅಂಕಿ ಬರೆದ ಮೇಲೆ ‘ಗಿಟ್ ಆಡ್’ ಎಂದರೆ ಆ ಬದಲಾವಣೆ ದಾಖಲೆಗೆ ಆಯ್ಕೆಯಾಗುತ್ತದೆ. ‘ಗಿಟ್ ಕಮಿಟ್’ ಎಂದರೆ ಅದು ಇತಿಹಾಸಕ್ಕೆ ಸೇರುತ್ತದೆ. ಜೊತೆಯ ಟಿಪ್ಪಣಿಯನ್ನು ಉದಾಸೀನ ಮಾಡಬಾರದು: ‘ತಿದ್ದುಪಡಿ’ ಎಂದರೆ ವರ್ಷದ ನಂತರ ಯಾರಿಗೂ ಅರ್ಥವಾಗದು, ‘ಮಾರ್ಚ್ 18ರ ಹೂಮಳೆ ಸೇರಿಸಿದೆ’ ಎಂದರೆ ಅರ್ಥವಾಗುತ್ತದೆ. ಇಷ್ಟಕ್ಕೆ ಅಂತರ್ಜಾಲ ಬೇಕಿಲ್ಲ.

ಆದರೆ ಇಷ್ಟಕ್ಕೇ ನಿಂತವರು ಸಿಡಿಲಿಗೆ ಯಂತ್ರ ಸುಟ್ಟ ದಿನ ಪಶ್ಚಾತ್ತಾಪ ಪಡುತ್ತಾರೆ. ಸಂಪರ್ಕ ಸಿಕ್ಕಾಗ ‘ಗಿಟ್ ಪುಶ್’ ಮೂಲಕ ಗಿಟ್‌ಹಬ್‌ನಂತಹ ತಾಣದ ಖಾಸಗಿ ಭಂಡಾರಕ್ಕೆ ಕಳುಹಿಸಿದರೆ ಮಾತ್ರ ಹೊರಗೊಂದು ಪ್ರತಿ ಉಳಿಯುತ್ತದೆ. ಅಷ್ಟರಲ್ಲಿ ಮಗ ತನ್ನ ಬದಲಾವಣೆ ಕಳುಹಿಸಿದ್ದರೆ ರೈಟರ್‌ರ ಪುಶ್ ತಿರಸ್ಕೃತವಾಗುತ್ತದೆ. ಗಾಬರಿ ಬೇಡ, ಮೊದಲು ‘ಗಿಟ್ ಪುಲ್’ ಮಾಡಿ ಅವನದನ್ನು ಪಡೆಯಬೇಕು. ಇಬ್ಬರೂ ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಗಿಟ್ ಎರಡನ್ನೂ ಗುರುತು ಹಾಕಿ ಮುಂದಿಡುತ್ತದೆ. ಒಬ್ಬರು 1.20, ಇನ್ನೊಬ್ಬರು 2.10 ಇಂಚು ಎಂದಿದ್ದರೆ ನಿಜ ಯಾವುದೆಂದು ಅದಕ್ಕೇನು ಗೊತ್ತು? ಮಳೆಮಾಪಕ ನೋಡಿದವರೇ ತೀರ್ಮಾನಿಸಿ, ಸಾಲನ್ನು ಸರಿಪಡಿಸಿ, ಮತ್ತೆ ಆಡ್, ಕಮಿಟ್, ಪುಶ್ ಮಾಡಬೇಕು.

ಹಳೆಯ ತಪ್ಪು ಕಂಡರೆ ‘ಗಿಟ್ ರಿವರ್ಟ್’ ಇದೆ. ಅದು ಇತಿಹಾಸವನ್ನು ಅಳಿಸದೆ, ತಪ್ಪನ್ನು ರದ್ದುಗೊಳಿಸುವ ಹೊಸ ದಾಖಲೆ ಬರೆಯುತ್ತದೆ. ಇದೇ ಕಾರಣಕ್ಕೆ ಗುಪ್ತಪದಗಳನ್ನು ಎಂದೂ ಕಮಿಟ್ ಮಾಡಕೂಡದು. ಮುಂದೆ ಅಳಿಸಿದರೂ ಇತಿಹಾಸದಲ್ಲಿ ಉಳಿದಿರುತ್ತವೆ.

ಎಕ್ಸೆಲ್ ಕಡತದಲ್ಲಿ ಯಾವ ಸಾಲು ಬದಲಾಯಿತೆಂದು ಗಿಟ್ ತಾನಾಗಿ ತೋರಿಸದು. ಸಿಎಸ್‌ವಿ ರೂಪ ಲೇಸು. ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ. ಮೂಡಿಗೆರೆಯಲ್ಲಿದ್ದುಕೊಂಡೇ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ ಪೂರ್ಣಚಂದ್ರ ತೇಜಸ್ವಿ (1938-2007) ಅವರ ಕಾಲದ ಹಲವು ಕಡತಗಳು ಯೂನಿಕೋಡ್ ಪೂರ್ವದ ಸಂಕೇತಗಳಲ್ಲಿದ್ದವು. ಅಂತಹವು ಗಿಟ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಕಡತದ ಹೆಸರೇ ಕನ್ನಡದಲ್ಲಿದ್ದು ಬರಿಯ ಅಂಕಿಗಳ ಸಾಲಾಗಿ ತೋರಿದರೆ, ‘ಕೋರ್ ಡಾಟ್ ಕೋಟ್‌ಪಾತ್’ ಎಂಬ ಆಯ್ಕೆಯನ್ನು ‘ಫಾಲ್ಸ್’ ಮಾಡಿ. ‘ಮಳೆ’ ಎಂಬುದು ಮಳೆ ಎಂದೇ ಕಾಣುತ್ತದೆ.