ಹೆಂಗಸರ ಕಾದಂಬರಿಗಳೂ ವಿಮರ್ಶಕರ ತಕ್ಕಡಿಯೂ

ಇಂಗ್ಲಿಷಿನವರು ‘ನಾವೆಲ್’ ಎಂದು ಕರೆಯುವ ಸಾಹಿತ್ಯಪ್ರಕಾರಕ್ಕೆ ನಮ್ಮ ಭಾಷೆಯಲ್ಲಿ ‘ಕಾದಂಬರಿ’ ಎಂಬ ಹೆಸರು ನೆಲೆನಿಂತಿದೆ. ಏಳನೆಯ ಶತಮಾನದಲ್ಲಿ ಹರ್ಷಚಕ್ರವರ್ತಿಯ ಆಶ್ರಯದಲ್ಲಿದ್ದ ಬಾಣಭಟ್ಟನು ರಚಿಸಿದ ಗದ್ಯಕಾವ್ಯದ ನಾಯಿಕೆಯ ಹೆಸರು ಅದು. ಬಾಣನು ಕಾವ್ಯವನ್ನು ಮುಗಿಸುವ ಮೊದಲೇ ತೀರಿಕೊಂಡನು. ಅವನ ಮಗನು ಅದನ್ನು ಪೂರೈಸಿದನು. ಮುಂದೆ ನಾಗವರ್ಮನು ಅದನ್ನು ಕನ್ನಡಕ್ಕೆ ತಂದನು. ಜನ್ಮಾಂತರಗಳನ್ನು ದಾಟಿ ಬರುವ ಪ್ರೇಮದ ಕಥೆಯದು. ಹೀಗೆ ಒಬ್ಬ ಪ್ರಣಯಿನಿಯ ಹೆಸರನ್ನು ಸಾಹಿತ್ಯದ ಒಂದು ಶಾಖೆಗೆಲ್ಲ ಇಟ್ಟುಕೊಂಡಿರುವ ನಾವೇ, ಪ್ರೇಮಕಥೆಯೆಂದೊಡನೆ ಮೂಗು ಮುರಿಯುತ್ತೇವೆ. ಅದನ್ನು ಬರೆದವಳು ಹೆಂಗಸು, ಓದುವವಳೂ ಹೆಂಗಸು ಎಂದು ತಿಳಿದರಂತೂ ಪುಸ್ತಕವನ್ನು ತೆರೆದು ನೋಡುವ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ.

ಈ ತಾತ್ಸಾರವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ ಎರಡು ಶತಮಾನಗಳಿಗೂ ಮೀರಿದ ಚರಿತ್ರೆಯಿದೆ. ವಿಮರ್ಶಕನು ತನ್ನ ತಕ್ಕಡಿಯಲ್ಲಿ ಏನನ್ನು ಇಟ್ಟು ತೂಗಬೇಕು? ಪುಸ್ತಕವನ್ನೋ, ಬರೆದವಳನ್ನೋ, ಓದುವವಳನ್ನೋ? ಆ ಚರಿತ್ರೆಯುದ್ದಕ್ಕೂ ಕೇಳಿಬರುವ ಪ್ರಶ್ನೆ ಇದು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಊರೂರುಗಳಲ್ಲಿ ಬಾಡಿಗೆಯ ಪುಸ್ತಕಾಲಯಗಳು ಹುಟ್ಟಿಕೊಂಡವು. ಕೊಂಡು ಓದಲು ಶಕ್ತಿಯಿಲ್ಲದವರು ಚಂದಾ ಕೊಟ್ಟು ಪುಸ್ತಕಗಳನ್ನು ಮನೆಗೆ ಒಯ್ಯಬಹುದಾಗಿತ್ತು. ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ ವಿಲಿಯಂ ಲೇನ್ ಎಂಬುವನು ೧೭೯೦ರಿಂದ ‘ಮಿನರ್ವಾ ಮುದ್ರಣಾಲಯ’ವೆಂಬ ಹೆಸರಿನಲ್ಲಿ ಕಾದಂಬರಿಗಳನ್ನು ರಾಶಿರಾಶಿಯಾಗಿ ಅಚ್ಚುಮಾಡಿದನು. ಅವನ್ನು ಬರೆದವರಲ್ಲಿ ಅನೇಕರು ಸ್ತ್ರೀಯರು. ಹುಡುಗಿಯರು ಕಾದಂಬರಿ ಓದಿದರೆ ಮನೆಗೆಲಸ ಕೆಡುವುದು, ಮನಸ್ಸು ಕೆಡುವುದು, ಬರುವ ಗಂಡನಲ್ಲಿ ಕಥಾನಾಯಕನ ಗುಣಗಳನ್ನು ಹುಡುಕಿ ನಿರಾಶರಾಗುವರು ಎಂದು ಹಿರಿಯರು ಎಚ್ಚರಿಸಿದರು. ‘ಮಂತ್ಲಿ ರಿವ್ಯೂ’, ‘ಕ್ರಿಟಿಕಲ್ ರಿವ್ಯೂ’ ಮೊದಲಾದ ವಿಮರ್ಶಾಪತ್ರಿಕೆಗಳು ಇಂಥ ಪುಸ್ತಕಗಳನ್ನು ಎಷ್ಟೋ ವೇಳೆ ನಾಲ್ಕೈದು ಸಾಲುಗಳಲ್ಲಿಯೇ ಮುಗಿಸಿಬಿಡುತ್ತಿದ್ದವು.

ಈ ಗದ್ದಲದ ನಡುವೆ ೧೭೮೫ರಲ್ಲಿ ಕ್ಲಾರಾ ರೀವ್ ಎಂಬಾಕೆ ಪ್ರಣಯಾದ್ಭುತ ಕಥೆಗಳ ಬೆಳವಣಿಗೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದಳು. ಇಬ್ಬರು ಮಹಿಳೆಯರೂ ಒಬ್ಬ ಮಹನೀಯನೂ ಸಂಜೆಯ ಹೊತ್ತು ಕುಳಿತು ಮಾತನಾಡುವ ರೂಪದಲ್ಲಿದೆ ಆ ಗ್ರಂಥ. ಮಹನೀಯನಿಗೆ ಹೋಮರನ ಮಹಾಕಾವ್ಯದಲ್ಲಿ ಗೌರವ, ಹಳೆಯ ಪ್ರಣಯಕಥೆಗಳಲ್ಲಿ ತಾತ್ಸಾರ. ಕಾವ್ಯದಲ್ಲಿ ಬರುವ ಅದ್ಭುತಗಳನ್ನು ಮೆಚ್ಚುವ ನೀವು ಕಥೆಯಲ್ಲಿ ಬರುವ ಅದ್ಭುತಗಳನ್ನು ಹಳಿಯುವುದೇಕೆ, ಎರಡೂ ಒಂದೇ ವಂಶದವಲ್ಲವೆ, ಎಂಬುದು ಮಹಿಳೆಯ ವಾದ. ಕಾದಂಬರಿಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಮೊದಮೊದಲು ಬರೆದವರ ಸಾಲಿನಲ್ಲಿ ಒಬ್ಬ ಸ್ತ್ರೀ ಇದ್ದಳೆಂಬುದು ಮರೆಯತಕ್ಕ ಸಂಗತಿಯಲ್ಲ.

ಸ್ತ್ರೀಯರೆಲ್ಲರೂ ಸ್ತ್ರೀಯರ ಕಾದಂಬರಿಗಳನ್ನು ಎತ್ತಿಹಿಡಿದರೆಂದು ತಿಳಿಯಬಾರದು. ಸ್ತ್ರೀಸ್ವಾತಂತ್ರ್ಯದ ಆದಿಪ್ರತಿಪಾದಕಿಯೆನಿಸಿದ ಮೇರಿ ವುಲ್‌ಸ್ಟನ್‌ಕ್ರಾಫ್ಟಳು ೧೭೮೮ರಲ್ಲಿ ಆರಂಭವಾದ ‘ಅನಲಿಟಿಕಲ್ ರಿವ್ಯೂ’ ಪತ್ರಿಕೆಗೆ ಅನೇಕ ಕಾದಂಬರಿಗಳ ವಿಮರ್ಶೆಯನ್ನು ಬರೆದಳು. ಅವಳ ಲೇಖನಿ ಕಠಿನವಾದುದು. ಮಾತುಮಾತಿಗೆ ಮೂರ್ಛೆ ಹೋಗುವ ನಾಯಿಕೆಯರನ್ನು ಕಂಡರೆ ಅವಳಿಗೆ ಆಗದು. ಆದರೂ ೧೭೯೨ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಏನನ್ನೂ ಓದದೆ ಮನಸ್ಸನ್ನು ಬರಿದಾಗಿ ಇಟ್ಟುಕೊಳ್ಳುವುದಕ್ಕಿಂತ ಕಾದಂಬರಿಯನ್ನಾದರೂ ಓದುವುದು ಮೇಲೆಂದು ಅವಳು ಒಪ್ಪಿಕೊಂಡಳು. ಓದುವ ಹುಡುಗಿಯನ್ನು ಬಯ್ಯುವುದು ಅವಳ ಉದ್ದೇಶವಾಗಿರಲಿಲ್ಲ. ಆ ಹುಡುಗಿಗೆ ಬೇರೆ ವಿದ್ಯೆಯನ್ನು ಕೊಡದ ಸಮಾಜದ ಮೇಲೆ ಅವಳ ಕೋಪ.

ಇನ್ನು ಜೇನ್ ಆಸ್ಟೆನ್ನಳ ವಿಷಯ. ‘ಸೂಸನ್’ ಎಂಬ ಹೆಸರಿನ ಒಂದು ಕಾದಂಬರಿಯನ್ನು ಆಕೆ ೧೮೦೩ರಲ್ಲಿ ಹತ್ತು ಪೌಂಡುಗಳಿಗೆ ಪ್ರಕಾಶಕನೊಬ್ಬನಿಗೆ ಮಾರಿದಳು. ಆತನು ಅಚ್ಚುಹಾಕಿಸಲೇ ಇಲ್ಲ. ೧೮೧೬ರಲ್ಲಿ ಅದೇ ಹತ್ತು ಪೌಂಡುಗಳನ್ನು ಕೊಟ್ಟು ಹಸ್ತಪ್ರತಿಯನ್ನು ಹಿಂದಕ್ಕೆ ಪಡೆಯಲಾಯಿತು. ಅದು ‘ನಾರ್ಥ್ಯಾಂಗರ್ ಆ್ಯಬಿ’ ಎಂಬ ಹೆಸರಿನಿಂದ ಬೆಳಕು ಕಂಡದ್ದು ೧೮೧೭ರ ಡಿಸೆಂಬರಿನಲ್ಲಿ; ಅದನ್ನು ಬರೆದವಳು ಆ ವರ್ಷದ ಜುಲೈಯಲ್ಲಿಯೇ ತೀರಿಹೋಗಿದ್ದಳು. ಭಯಾನಕ ಪ್ರಣಯಕಥೆಗಳನ್ನು ಓದಿ ತಲೆ ತುಂಬಿಕೊಂಡ ಹುಡುಗಿಯನ್ನು ಈ ಪುಸ್ತಕವು ನಯವಾಗಿ ಹಾಸ್ಯಮಾಡುತ್ತದೆ. ಆದರೆ ಐದನೆಯ ಅಧ್ಯಾಯದಲ್ಲಿ ಗ್ರಂಥಕರ್ತ್ರಿಯು ಕಥೆಯನ್ನು ನಿಲ್ಲಿಸಿ, ಕಾದಂಬರಿಗಳನ್ನು ಹಳಿಯುವ ವಿಮರ್ಶಕರಿಗೂ, ಕಾದಂಬರಿಯನ್ನು ಬರೆಯುತ್ತಲೇ ಅದನ್ನು ಓದುವವರನ್ನು ನಿಂದಿಸುವ ಲೇಖಕರಿಗೂ ಖಂಡಿತವಾದ ಉತ್ತರವನ್ನು ಕೊಟ್ಟಿದ್ದಾಳೆ. ತನ್ನ ಮನೆಯವರನ್ನು ತಾನು ಹಾಸ್ಯಮಾಡಬಹುದು, ಬೀದಿಯವರು ಬಂದು ಅವಮಾನಮಾಡಬಾರದು, ಎಂಬ ಅಭಿಮಾನವು ಅಲ್ಲಿ ತೋರುತ್ತದೆ.

ಆಸ್ಟೆನ್ನಳ ‘ಎಮ್ಮಾ’ ಕಾದಂಬರಿಗೆ ಒಬ್ಬ ಯೋಗ್ಯ ವಿಮರ್ಶಕನು ದೊರೆತನು. ೧೮೧೬ರ ಮಾರ್ಚಿಯಲ್ಲಿ ಹೊರಬಿದ್ದ ‘ಕ್ವಾರ್ಟರ್ಲಿ ರಿವ್ಯೂ’ ಸಂಚಿಕೆಯಲ್ಲಿ ಹೆಸರು ಹಾಕದೆ ಬರೆದವನು ಸರ್ ವಾಲ್ಟರ್ ಸ್ಕಾಟ್. ರಾಜರೂ ಯುದ್ಧಗಳೂ ಇಲ್ಲದ, ನೆರೆಹೊರೆಯ ಸಾಮಾನ್ಯ ಜೀವನವನ್ನೇ ಯಥಾವತ್ತಾಗಿ ಚಿತ್ರಿಸುವ ಹೊಸ ರೀತಿಯೊಂದು ಹುಟ್ಟಿದೆಯೆಂದು ಆತನು ಗುರುತಿಸಿದನು. ಆ ವಿಮರ್ಶೆಯಲ್ಲಿ ತನ್ನ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕೃತಿಯ ಹೆಸರೇ ಇಲ್ಲವೆಂದು ಆಕೆ ಪ್ರಕಾಶಕನಿಗೆ ಬರೆದ ಕಾಗದದಲ್ಲಿ ನೊಂದುಕೊಂಡಳು. ಹತ್ತು ವರ್ಷಗಳ ತರುವಾಯ ಸ್ಕಾಟನು ತನ್ನ ದಿನಚರಿಯಲ್ಲಿ, ಆಕೆಯ ಒಂದು ಕಾದಂಬರಿಯನ್ನು ಮೂರನೆಯ ಸಲ ಓದಿದುದಾಗಿಯೂ, ಸಾಮಾನ್ಯ ವಿಷಯಗಳನ್ನು ರಸವತ್ತಾಗಿ ಮಾಡುವ ಆ ಶಕ್ತಿ ತನಗಿಲ್ಲವೆಂದೂ ಬರೆದುಕೊಂಡಿದ್ದಾನೆ. ಮೂರು ಸಲ ಓದಿ ಆಡಿದ ಮಾತಿಗೆ ಒಂದು ತೂಕವಿದೆ.

ಎಲ್ಲರಿಗೂ ಈ ಭಾಗ್ಯ ಬರಲಿಲ್ಲ. ಷಾರ್ಲಟ್ ಬ್ರಾಂಟಿಯು ೧೮೪೭ರಲ್ಲಿ ‘ಜೇನ್ ಐರ್’ ಕಾದಂಬರಿಯನ್ನು ಕರರ್ ಬೆಲ್ ಎಂಬ, ಗಂಡಸೋ ಹೆಂಗಸೋ ತಿಳಿಯದ ಹೆಸರಿನಲ್ಲಿ ಪ್ರಕಟಿಸಿದಳು. ಮರುವರ್ಷದ ಡಿಸೆಂಬರಿನಲ್ಲಿ ಅದೇ ‘ಕ್ವಾರ್ಟರ್ಲಿ’ಯಲ್ಲಿ ಬಂದ ವಿಮರ್ಶೆಯು, ಇದನ್ನು ಬರೆದವಳು ಹೆಂಗಸೇ ಆಗಿದ್ದಲ್ಲಿ ಅವಳು ಕುಲಸ್ತ್ರೀಯರ ಸಂಗಕ್ಕೆ ಎಂದೋ ಎರವಾದವಳಾಗಿರಬೇಕೆಂಬರ್ಥದ ಮಾತನ್ನಾಡಿತು. ಹೆಸರಿಲ್ಲದೆ ಹಾಗೆ ಬರೆದವಳೂ ಒಬ್ಬ ಸ್ತ್ರೀಯೇ. ಎಲಿಜಬೆತ್ ರಿಗ್ಬಿಯೆಂದು ಆಕೆಯ ಹೆಸರು. ಆ ತಿಂಗಳಿನಲ್ಲಿಯೇ ಷಾರ್ಲಟಳ ತಂಗಿ ಎಮಿಲಿ ತೀರಿಕೊಂಡಳು. ಮುಂದೆ ‘ಷರ್ಲಿ’ ಕಾದಂಬರಿ ಬಂದಾಗ, ತನ್ನನ್ನು ಹೆಂಗಸೆಂದು ಎಣಿಸದೆ ಬರೆಹಗಾರಳೆಂದೇ ತೂಗಬೇಕೆಂದು ಷಾರ್ಲಟಳು ಜಾರ್ಜ್ ಹೆನ್ರಿ ಲೂಯಿಸನನ್ನು ಬೇಡಿಕೊಂಡಿದ್ದಳು. ೧೮೫೦ರ ಜನವರಿಯಲ್ಲಿ ಲೂಯಿಸನು ಬರೆದ ವಿಮರ್ಶೆಯಾದರೋ ಆಕೆಯ ಸ್ತ್ರೀತ್ವವನ್ನೇ ಮುಂದಿಟ್ಟುಕೊಂಡು ಹೊರಟಿತು. ಶತ್ರುವಿನ ಪೆಟ್ಟಿಗಿಂತ ಮಿತ್ರನ ಈ ಪೆಟ್ಟು ಆಕೆಗೆ ಹೆಚ್ಚು ನೋವುಂಟುಮಾಡಿತು.

ಅದೇ ಲೂಯಿಸನ ಸಹಚರಿಯಾಗಿದ್ದ ಮೇರಿಯನ್ ಎವಾನ್ಸಳು ೧೮೫೬ರ ಅಕ್ಟೋಬರಿನ ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ನಲ್ಲಿ ಲೇಖಕಿಯರ ಅವಿವೇಕದ ಕಾದಂಬರಿಗಳನ್ನು ಕುರಿತು ಒಂದು ತೀಕ್ಷ್ಣವಾದ ಪ್ರಬಂಧವನ್ನು ಹೆಸರಿಲ್ಲದೆ ಪ್ರಕಟಿಸಿದಳು. ಸಕಲ ವಿದ್ಯೆಗಳನ್ನೂ ಬಲ್ಲ, ರೂಪದಲ್ಲಿ ಅಪ್ಸರೆಯಂತಿರುವ, ಸಿರಿವಂತರ ಮನೆಗಳಲ್ಲಿಯೇ ಓಡಾಡುವ ನಾಯಿಕೆಯರನ್ನು ಅವಳು ಬಿಡಿಸಿ ಬಿಡಿಸಿ ತೋರಿಸಿದಳು. ಆದರೆ ಆ ಪ್ರಬಂಧದ ತಿರುಳು ಹಾಸ್ಯದಲ್ಲಿಲ್ಲ. ಹೆಂಗಸು ಕೆಟ್ಟದಾಗಿ ಬರೆದರೆ ಪತ್ರಿಕೆಗಳು ಉಪಚಾರಕ್ಕಾಗಿ ಹೊಗಳುತ್ತವೆ. ಉತ್ತಮವಾಗಿ ಬರೆದರೆ ಆ ಹೊಗಳಿಕೆ ತಣ್ಣಗಾಗುತ್ತದೆ. ಇಂಥ ಕರುಣೆಯ ವಿಮರ್ಶೆ ತಮಗೆ ಬೇಡ ಎಂಬುದು ಅವಳ ದೂರು. ಈ ಪ್ರಬಂಧವನ್ನು ಮುಗಿಸಿದ ಕೆಲವೇ ದಿನಗಳಲ್ಲಿ ಅವಳು ತನ್ನ ಮೊದಲ ಕಥೆಯನ್ನು ಬರೆಯಲು ಕುಳಿತಳು. ಮುಂದೆ ಲೋಕವು ಅವಳನ್ನು ಜಾರ್ಜ್ ಎಲಿಯಟ್ ಎಂಬ ಗಂಡುಹೆಸರಿನಿಂದಲೇ ತಿಳಿಯಿತು.

ಮುಂದಿನ ಶತಮಾನದಲ್ಲಿ ಪ್ರಣಯ ಕಾದಂಬರಿಯು ದೊಡ್ಡ ವ್ಯಾಪಾರವಾಯಿತು. ೧೯೦೮ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಮಿಲ್ಸ್ ಅಂಡ್ ಬೂನ್ ಸಂಸ್ಥೆಯು ಕ್ರಮೇಣ ಇಂಥ ಕಥೆಗಳಿಗೇ ಹೆಸರಾಯಿತು. ಪಂಡಿತರು ಇವುಗಳನ್ನು ವಿಮರ್ಶೆಗೆ ಅನರ್ಹವೆಂದು ದೂರವಿಟ್ಟುದರಿಂದ, ವಿಮರ್ಶೆಯನ್ನು ಓದುಗರೇ ಕೈಗೆತ್ತಿಕೊಂಡರು. ಜಾನಿಸ್ ರಾಡ್ವೇ ಎಂಬ ವಿದುಷಿಯು ಅಮೆರಿಕದ ಒಂದು ಊರಿಗೆ ಹೋಗಿ ಇಂಥ ಓದುಗರನ್ನೇ ಮಾತನಾಡಿಸಿ, ೧೯೮೪ರಲ್ಲಿ ಒಂದು ಗ್ರಂಥವನ್ನು ಹೊರತಂದಳು. ಅಲ್ಲಿನ ಪುಸ್ತಕದಂಗಡಿಯಲ್ಲಿ ಕೆಲಸಮಾಡುತ್ತಿದ್ದ ಒಬ್ಬ ಮಹಿಳೆಯು ಹೊಸ ಪ್ರಣಯ ಕಾದಂಬರಿಗಳನ್ನೆಲ್ಲ ಓದಿ, ಯಾವುದು ಸೊಗಸು, ಯಾವುದು ಜೊಳ್ಳು ಎಂದು ಪತ್ರಿಕೆಯೊಂದರಲ್ಲಿ ಬರೆದು ಗಿರಾಕಿಗಳಿಗೆ ತಿಳಿಸುತ್ತಿದ್ದಳು. ಆ ಓದುಗರು ಕಣ್ಣು ಮುಚ್ಚಿಕೊಂಡು ಓದುವವರಾಗಿರಲಿಲ್ಲ. ನಾಯಿಕೆಯನ್ನು ಹಿಂಸಿಸುವ ನಾಯಕನನ್ನು ಅವರು ಒಪ್ಪುತ್ತಿರಲಿಲ್ಲ. ಏತಕ್ಕಾಗಿ ಓದುತ್ತೀರೆಂದು ಕೇಳಿದಾಗ ಅವರಿಂದ ದೊರೆತ ಉತ್ತರವು ಮನಸ್ಸಿಗೆ ನಾಟುವಂಥದು: ಗಂಡ ಮಕ್ಕಳ ಸೇವೆಯಲ್ಲಿ ಕಳೆಯುವ ದಿನದಲ್ಲಿ ಪುಸ್ತಕ ಹಿಡಿದ ಹೊತ್ತೊಂದೇ ತಮ್ಮ ಸ್ವಂತದ್ದು. ರಾಡ್ವೇ ಆ ಕಥೆಗಳ ದೋಷಗಳನ್ನು ಮುಚ್ಚಿಡಲಿಲ್ಲ. ಅವು ಹೆಣ್ಣಿನ ಅತೃಪ್ತಿಯನ್ನು ಸಂತೈಸುವುವೇ ಹೊರತು ಅದರ ಕಾರಣವನ್ನು ಹೋಗಲಾಡಿಸವೆಂದು ಆಕೆ ಸಂಶಯಪಟ್ಟಳು. ಆದರೆ ತೀರ್ಪು ಕೊಡುವ ಮೊದಲು ಸಾಕ್ಷಿಗಳನ್ನು ಕರೆದು ಕೇಳಿದಳು.

ನಮ್ಮ ನಾಡಿಗೂ ಈ ಮಾತು ಸಲ್ಲುತ್ತದೆ. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದ ನಂಜನಗೂಡು ತಿರುಮಲಾಂಬಾ ಅವರು ೧೯೧೩ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ತಾವೇ ಬರೆದು ತಾವೇ ಪ್ರಕಟಿಸಿದರು. ಆದರೂ ದೀರ್ಘಕಾಲ ಸಾಹಿತ್ಯಲೋಕಕ್ಕೆ ಅವರ ನೆನಪು ಮಾಸಿಹೋಗಿತ್ತು. ಮೈಸೂರಿನ ತ್ರಿವೇಣಿಯವರು ೧೯೬೩ರಲ್ಲಿ ತೀರಿಕೊಳ್ಳುವುದರೊಳಗೆ ಇಪ್ಪತ್ತಕ್ಕೂ ಮೇಲ್ಪಟ್ಟು ಕಾದಂಬರಿಗಳನ್ನು ಬರೆದರು. ಮನೋರೋಗದಿಂದ ಗುಣಹೊಂದಿ ಬಂದ ಹೆಣ್ಣನ್ನು ಮನೆಯವರೂ ನೆರೆಯವರೂ ಹೇಗೆ ಬಾಳಗೊಡಿಸರೆಂಬುದನ್ನು ‘ಶರಪಂಜರ’ದಲ್ಲಿ ಓದಿದವರು ಅದನ್ನು ಹೊತ್ತುಗಳೆಯುವ ಕಥೆಯೆನ್ನಲಾರರು. ಹಾಗಿದ್ದರೂ ಲೇಖಕಿಯರ ಬರೆಹಕ್ಕೆಲ್ಲ ‘ಅಡುಗೆಮನೆಯ ಸಾಹಿತ್ಯ’ವೆಂಬ ಹೆಸರು ಬಹುಕಾಲ ಅಂಟಿಕೊಂಡಿತ್ತು. ಹೆಸರಿಟ್ಟವರು ಅಡುಗೆಮನೆಯಲ್ಲಿ ಎಷ್ಟು ದುಃಖ, ಎಷ್ಟು ವಿವೇಕ ಬೇಯುತ್ತದೆಂಬುದನ್ನು ಯೋಚಿಸಲಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ೧೯೭೬ರಲ್ಲಿ ಅದೇ ಒಳಮನೆಯಿಂದ ಎದ್ದು ಬಂದಿತು.

ಅನ್ನದ ಹದವನ್ನು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಕಾದಂಬರಿಗಳ ವಿಷಯದಲ್ಲಿ ಹಾಗಲ್ಲ. ಒಂದು ಪುಸ್ತಕ ಬೆಂದಿಲ್ಲವೆಂದು ಪಾತ್ರೆಯನ್ನೆಲ್ಲ ಚೆಲ್ಲುವುದು ಅನ್ಯಾಯ. ಜೊಳ್ಳನ್ನು ಜೊಳ್ಳೆನ್ನುವುದರಲ್ಲಿ ತಪ್ಪಿಲ್ಲ. ವುಲ್‌ಸ್ಟನ್‌ಕ್ರಾಫ್ಟಳೂ ಎಲಿಯಟ್ಟಳೂ ಹಾಗೆಯೇ ಮಾಡಿದರು. ಆದರೆ ಅವರು ಓದಿ ಹೇಳಿದರು. ಮನೆಯಲ್ಲಿ ತಾಯಿಯೋ ತಂಗಿಯೋ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಕಾದಂಬರಿಯನ್ನು ಹಿಡಿದು ಕುಳಿತಿದ್ದರೆ, ನಗುವ ಮೊದಲು ಆ ಪುಸ್ತಕವನ್ನು ಕೇಳಿ ತೆಗೆದುಕೊಂಡು ನಾವೂ ಒಮ್ಮೆ ಓದೋಣ. ಅದು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಆಮೇಲೆ ಅವರೊಡನೆಯೇ ಚರ್ಚಿಸಬಹುದು.