ಸಾನ್ ಡಿಯೇಗೋ ನಗರದ ಕಬ್ರಿಯೋ ಪ್ರತಿಮೆ: ಒಂದು ಪ್ರಮಾಣವಿಚಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ತೀರದಲ್ಲಿ, ಮೆಕ್ಸಿಕೋ ದೇಶದ ಗಡಿಗೆ ಸಮೀಪವಾಗಿ, ಸಾನ್ ಡಿಯೇಗೋ ಎಂಬ ರೇವುಪಟ್ಟಣವಿದೆ. ಅದರ ಕೊಲ್ಲಿಯ ಬಾಯಿಗೆ ಕಾವಲಿನಂತೆ ಚಾಚಿಕೊಂಡಿರುವ ಪಾಯಿಂಟ್ ಲೋಮಾ ಎಂಬ ಭೂಶಿರದ ಮೇಲೆ 14 ಅಡಿ ಎತ್ತರದ ಶಿಲಾಪ್ರತಿಮೆಯೊಂದು ನಿಂತಿದೆ. ಇದು ಹುವಾನ್ ರೊಡ್ರಿಗೇಸ್ ಕಬ್ರಿಯೋ ಎಂಬ ನಾವಿಕನದು. ಸ್ಪೇಯಿನ್ ದೊರೆಯ ಸೇವೆಯಲ್ಲಿದ್ದು 1542ನೆಯ ಇಸವಿಯಲ್ಲಿ ಆ ಕೊಲ್ಲಿಯನ್ನು ಹೊಕ್ಕ ಮೊದಲನೆಯ ಯೂರೋಪಿಯನರ ನಾಯಕನು ಇವನು. ಆದರೆ ಪ್ರತಿಮೆಯನ್ನು ಕೊಟ್ಟವರು ಪೋರ್ತುಗಲ್ ದೇಶದ ಸರಕಾರದವರು. ಕಬ್ರಿಯೋ ತಮ್ಮ ದೇಶದವನೆಂದು ಅವರ ನಂಬಿಕೆ. ಈ ನಂಬಿಕೆಗೆ ಆಧಾರವೇನು, ಆ ಆಧಾರವು ಪರೀಕ್ಷೆಗೆ ನಿಲ್ಲುವುದೇ, ಪ್ರತಿಮೆಯು ಚರಿತ್ರೆಗೆ ಎಂತಹ ಪ್ರಮಾಣವಾಗಬಲ್ಲುದು, ಎಂಬ ಮೂರು ಅಂಶಗಳನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಮೊದಲು ನಾವಿಕನ ವೃತ್ತಾಂತವನ್ನು ಸಂಗ್ರಹವಾಗಿ ಹೇಳುವೆವು. ಕಬ್ರಿಯೋ 1520ರಲ್ಲಿ ಪಾನ್ಫಿಲೋ ದ ನಾರ್ವಾಯೆಸನ ಸೈನ್ಯದೊಡನೆ ಮೆಕ್ಸಿಕೋ ನಾಡಿಗೆ ಬಂದು, ಅನಂತರ ಕೋರ್ತೇಸನ ಪಕ್ಷವನ್ನು ಸೇರಿದನು. ಆಮೇಲೆ ಗ್ವಾಟೆಮಾಲೆಯಲ್ಲಿ ನೆಲಸಿ, ಆ ನಾಡಿನ ಮೂಲನಿವಾಸಿಗಳ ದುಡಿಮೆಯಿಂದ ಐಶ್ವರ್ಯವಂತನಾಗಿ, ಹಡಗುಗಳನ್ನು ಕಟ್ಟಿಸಿದನು. 1542ನೆಯ ಜೂನ್ 27ರಂದು ಮೆಕ್ಸಿಕೋದ ನಾವಿದಾದ್ ರೇವಿನಿಂದ ಉತ್ತರಾಭಿಮುಖನಾಗಿ ಹೊರಟು, ಮೂರು ತಿಂಗಳ ತರುವಾಯ, ಸೆಪ್ಟೆಂಬರ್ 28ರಂದು ಈ ಕೊಲ್ಲಿಗೆ ಬಂದು, ಅದಕ್ಕೆ ಸಾನ್ ಮಿಗೇಲ್ ಎಂದು ಹೆಸರಿಟ್ಟನು. ಸಾನ್ ಡಿಯೇಗೋ ಎಂಬ ಈಗಣ ಹೆಸರು 1602ರಲ್ಲಿ ಬಂದ ಸೆಬಾಸ್ತಿಯಾನ್ ವಿಸ್ಕಾಯಿನೋ ಎಂಬವನಿಂದಾದುದು. ಕಬ್ರಿಯೋ ಇನ್ನೂ ಉತ್ತರಕ್ಕೆ ಹೋಗಿ ಹಿಂದಿರುಗಿ, ದ್ವೀಪವೊಂದರಲ್ಲಿ ಗಾಯದ ದೆಸೆಯಿಂದ 1543ನೆಯ ಜನವರಿ 3ರಂದು ಮೃತನಾದನು. ಮುರಿದದ್ದು ತೋಳೋ ಕಾಲೋ ಎಂಬುದರಲ್ಲಿಯೂ, ದ್ವೀಪವು ಯಾವುದೆಂಬುದರಲ್ಲಿಯೂ ಭಿನ್ನಾಭಿಪ್ರಾಯಗಳಿವೆ. ಅವನ ಯಾತ್ರೆಯ ಮೂಲ ದಿನಚರಿಯು ನಷ್ಟವಾಗಿದೆ. ಉಳಿದಿರುವುದು ಅದರ ಸಂಗ್ರಹ ಮಾತ್ರ. ಅವನ ಮುಖವು ಹೇಗಿತ್ತೆಂಬುದನ್ನು ತಿಳಿಸುವ ಸಮಕಾಲೀನ ಚಿತ್ರವೊಂದೂ ಇಲ್ಲ. ಆದಕಾರಣ ಪ್ರತಿಮೆಯ ಮುಖವು ಶಿಲ್ಪಿಯ ಭಾವನೆಯಿಂದ ಹುಟ್ಟಿದುದೆಂದು ತಿಳಿಯತಕ್ಕದ್ದು.

ಇನ್ನು ಪ್ರತಿಮೆಯ ವೃತ್ತಾಂತ. 1913ನೆಯ ಅಕ್ಟೋಬರ್ 14ರಂದು ಅಧ್ಯಕ್ಷ ವುಡ್ರೋ ವಿಲ್ಸನ್ನರು ಪಾಯಿಂಟ್ ಲೋಮಾದಲ್ಲಿ ಅರ್ಧ ಎಕರೆ ನೆಲವನ್ನು ಕಬ್ರಿಯೋವಿನ ಸ್ಮಾರಕಕ್ಕಾಗಿ ಮೀಸಲಿಟ್ಟು, ಅಲ್ಲಿ ಪ್ರತಿಮೆಯನ್ನು ನಿಲ್ಲಿಸಲು ಸ್ಥಳೀಯ ಸಂಘವೊಂದಕ್ಕೆ ಅನುಮತಿಯನ್ನು ಕೊಟ್ಟರು. ಆ ಸಂಘದಿಂದ ಕಾರ್ಯವು ಕೈಗೂಡಲಿಲ್ಲ. 1926ರಲ್ಲಿ ಮತ್ತೊಂದು ಸಂಘಕ್ಕೆ ಅನುಮತಿಯಾಯಿತು, ಅದರಿಂದಲೂ ಆಗಲಿಲ್ಲ. ಹೀಗಿರಲಾಗಿ, 1939ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಮಹಾಪ್ರದರ್ಶನಕ್ಕೆಂದು ಪೋರ್ತುಗಲ್ ಸರಕಾರದವರು ಆಲ್ವರು ದ ಬ್ರೇ ಎಂಬ ತಮ್ಮ ಶಿಲ್ಪಿಯಿಂದ ಮರಳುಗಲ್ಲಿನಲ್ಲಿ ಈ ಪ್ರತಿಮೆಯನ್ನು ಕಡೆಯಿಸಿ ಕಳುಹಿಸಿದರು. ಅದು ತಡವಾಗಿಯೂ ಭಿನ್ನವಾಗಿಯೂ ತಲಪಿದ್ದರಿಂದ ಪ್ರದರ್ಶನಕ್ಕೆ ಒದಗದೆ, ಒಂದು ಮೋಟಾರು ಕೊಟ್ಟಿಗೆಯಲ್ಲಿ ಬಿದ್ದಿತ್ತು. 1940ರಲ್ಲಿ ಎಡ್ ಫ್ಲೆಚರ್ ಎಂಬ ಸಾನ್ ಡಿಯೇಗೋ ನಗರದ ಶಾಸನಸಭಾಸದಸ್ಯನು ಸಾನ್ ಫ್ರಾನ್ಸಿಸ್ಕೋ ಕಡೆಯ ಅಧಿಕಾರಿಗಳ ವಿರೋಧವನ್ನು ಲಕ್ಷಿಸದೆ ಅದನ್ನು ತನ್ನ ಊರಿಗೆ ಸಾಗಿಸಿದನು. ಅಲ್ಲಿಯೂ ಕೆಲವು ವರ್ಷ ನೌಕಾಶಿಕ್ಷಣಶಾಲೆಯ ಆವರಣದಲ್ಲಿ ಜನರ ಕಣ್ಣಿಗೆ ಬೀಳದೆ ಇದ್ದು, ಕಡೆಗೆ 1949ರಲ್ಲಿ ಸ್ಮಾರಕಸ್ಥಾನವನ್ನು ಸೇರಿತು. ಸಮುದ್ರದ ಉಪ್ಪುಗಾಳಿಗೆ ಮರಳುಗಲ್ಲು ಸವೆದುಹೋದ ಕಾರಣ, 1988ರಲ್ಲಿ ಸುಣ್ಣಗಲ್ಲಿನ ಪ್ರತಿಕೃತಿಯನ್ನು ಅದರ ಸ್ಥಾನದಲ್ಲಿ ನಿಲ್ಲಿಸಿದರು. ಈಗ ಯಾತ್ರಿಕರು ನೋಡುತ್ತಿರುವುದು ಈ ಪ್ರತಿಕೃತಿಯನ್ನೇ.

ಇನ್ನು ಜನ್ಮದೇಶದ ವಿಚಾರ. ಪೂರ್ವಪಕ್ಷವು ದುರ್ಬಲವಾದುದೆಂದು ಯಾರೂ ಭಾವಿಸಬಾರದು. ಸ್ಪೇಯಿನ್ ದೊರೆಯ ಆಸ್ಥಾನಚರಿತ್ರಕಾರನಾದ ಆಂತೋನಿಯೋ ದ ಎರೇರಾ ಎಂಬವನು 1601ರಿಂದ 1615ರವರೆಗೆ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಕಬ್ರಿಯೋವನ್ನು ಪೋರ್ತುಗೀಸನೆಂದು ಕರೆದಿದ್ದಾನೆ. ಎರೇರಾ ಸ್ವತಃ ಸ್ಪೇಯಿನಿನವನು; ಸ್ವದೇಶದ ಕೀರ್ತಿಯನ್ನು ಪರದೇಶಕ್ಕೆ ಕೊಡುವುದರಿಂದ ಅವನಿಗೆ ಲಾಭವಿಲ್ಲ. ರಾಜಕೀಯ ಲೇಖಗಳೆಲ್ಲ ಅವನ ಕೈಗೆ ಸಿಕ್ಕುತ್ತಿದ್ದುವು. ಆದುದರಿಂದ ಅವನದು ಆಪ್ತವಾಕ್ಯವೆಂದು ಮುನ್ನೂರು ವರ್ಷಗಳಿಗೂ ಮಿಕ್ಕು ಬಹುಮಂದಿ ಅಂಗೀಕರಿಸಿದರು. ಪೋರ್ತುಗಲ್ ದೇಶದ ಉತ್ತರದ ಬೆಟ್ಟಸೀಮೆಯಲ್ಲಿರುವ ಕಬ್ರಿಲ್ ಎಂಬ ಸ್ಥಳದ ಹೆಸರಿಗೂ ನಾವಿಕನ ಉಪನಾಮಕ್ಕೂ ಇರುವ ಸಾದೃಶ್ಯವು ಈ ಮತಕ್ಕೆ ಪುಷ್ಟಿಯನ್ನು ಕೊಟ್ಟಿತು.

ಇದಕ್ಕೆ ಸಮಾಧಾನ. ಆಪ್ತನೆಂದರೆ ಸತ್ಯವನ್ನು ಹೇಳುವ ಇಚ್ಛೆಯುಳ್ಳವನು ಮಾತ್ರವಲ್ಲ, ವಿಷಯವನ್ನು ಯಥಾರ್ಥವಾಗಿ ಅರಿತವನೂ ಆಗಿರಬೇಕು. ಎರೇರಾ ಬರೆದದ್ದು ನಾವಿಕನು ಸತ್ತು ಸುಮಾರು ಅರುವತ್ತು ವರ್ಷಗಳಾದ ಮೇಲೆ. ಅವನು ಅಮೆರಿಕಾ ಖಂಡವನ್ನು ಕಂಡವನೂ ಅಲ್ಲ. ಹೆಸರಿನ ಸಾದೃಶ್ಯವಾದರೋ ಊಹೆಗೆ ದಾರಿಯೇ ಹೊರತು ನಿರ್ಣಯಕ್ಕೆ ಸಾಲದು. 1986ರಲ್ಲಿ ಹ್ಯಾರಿ ಕೆಲ್ಸಿ ಎಂಬ ವಿದ್ವಾಂಸರು ಕಬ್ರಿಯೋವಿನ ಚರಿತ್ರೆಯನ್ನು ಬರೆದು, ಅವನು ಸ್ಪೇಯಿನಿನವನೇ ಇರಬೇಕೆಂದು ವಾದಿಸಿದ್ದರು. ಆದರೆ ಆಗ ಸ್ಪಷ್ಟವಚನವು ದೊರೆತಿರಲಿಲ್ಲ. 2015ರಲ್ಲಿ ಗ್ವಾಟೆಮಾಲೆಯ ಪೂರ್ವಚರಿತ್ರೆಯನ್ನು ಶೋಧಿಸುತ್ತಿದ್ದ ವೆಂಡಿ ಕ್ರೇಮರ್ ಎಂಬ ವಿದುಷಿಯು ಸೆವಿಲ್ ನಗರದ ಇಂಡೀಸ್ ಲೇಖಾಗಾರದಲ್ಲಿ 1532ನೆಯ ಇಸವಿಯ ವ್ಯವಹಾರಪತ್ರವೊಂದನ್ನು ಕಂಡುಹಿಡಿದು ಪ್ರಕಟಪಡಿಸಿದರು. ಅದರಲ್ಲಿ ಸಾಕ್ಷಿಯಾಗಿ ನಿಂತ ಕಬ್ರಿಯೋ ತಾನು ಪಾಲ್ಮಾ ದ ಮಿಸೆರ್ ಹಿಲಿಯೋ ಎಂಬ ಊರಿನವನೆಂದು ಹೇಳಿದ್ದಾನೆ. ಅದು ಕೋರ್ದೋಬಾ ಪ್ರಾಂತದಲ್ಲಿ ಈಗ ಪಾಲ್ಮಾ ದೆಲ್ ರೀಯೋ ಎನ್ನಿಸಿಕೊಂಡಿರುವ ಊರು. ಮಿಸೆರ್ ಹಿಲಿಯೋ ಎಂಬುದು, ಹದಿನಾಲ್ಕನೆಯ ಶತಮಾನದಲ್ಲಿ ಅದನ್ನು ಉಂಬಳಿಯಾಗಿ ಪಡೆದಿದ್ದ ಜಿನೋವಾ ದೇಶದ ನೌಕಾಧಿಪತಿಯ ಹೆಸರು.

ಈ ವಚನದ ಬಲವನ್ನು ವಿವೇಚಿಸೋಣ. ಒಂದನೆಯದು, ಇದು ಸ್ವವಚನ, ಎರೇರಾನದು ಪರವಚನ. ಎರಡನೆಯದು, ಇದು ನಾವಿಕನು ಬದುಕಿದ್ದಾಗ, ಅವನ ಸಮುದ್ರಯಾತ್ರೆಗೆ ಹತ್ತು ವರ್ಷ ಮೊದಲು, ಅವನಿಗೆ ಕೀರ್ತಿ ಬರುವ ಮುಂಚೆಯೇ ಲಿಖಿತವಾದುದು. ಮೂರನೆಯದು, ಅಲ್ಲಿ ವಿವಾದದಲ್ಲಿದ್ದುದು ಅವನ ಜನ್ಮದೇಶವಲ್ಲ. ಬೇರೊಂದು ವ್ಯವಹಾರದಲ್ಲಿ ಪ್ರಾಸಂಗಿಕವಾಗಿ ಬಂದ ಮಾತಿದು. ಅನ್ಯಪರವಾದ ವಾಕ್ಯದಲ್ಲಿ ಪಕ್ಷಪಾತಕ್ಕೆ ಅವಕಾಶವು ಕಡಿಮೆ. ಈ ಮೂರು ಹೇತುಗಳಿಂದ ಕಬ್ರಿಯೋ ಸ್ಪೇಯಿನ್ ದೇಶದವನೆಂಬುದೇ ಸಿದ್ಧಾಂತವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಪೋರ್ತುಗೀಸರ ಶಿಲೆಯು ಸುಳ್ಳು ಹೇಳುತ್ತಿದೆಯೇ? ಹಾಗೆನ್ನಲಾಗದು. ಅದು 1542ರ ವಿಷಯದಲ್ಲಿ ದುರ್ಬಲ ಸಾಕ್ಷಿ. 1939ರ ವಿಷಯದಲ್ಲಿ ಪ್ರಬಲ ಸಾಕ್ಷಿ. ಆ ಕಾಲದಲ್ಲಿ ಸಲಜಾರನ ಆಳ್ವಿಕೆಯಲ್ಲಿದ್ದ ಪೋರ್ತುಗಲ್, ತನ್ನ ಪೂರ್ವದ ನಾವಿಕರ ಕೀರ್ತಿಯನ್ನು ಲೋಕಕ್ಕೆಲ್ಲ ಸಾರುವ ಉತ್ಸಾಹದಲ್ಲಿತ್ತು. 1940ರಲ್ಲಿ ಲಿಸ್ಬನ್ ನಗರದಲ್ಲಿ ನಡೆಸಿದ ಪೋರ್ತುಗೀಸ್ ಲೋಕದ ಮಹಾಪ್ರದರ್ಶನವೂ ಅದೇ ಉತ್ಸಾಹದ ಫಲ. ಪಾಯಿಂಟ್ ಲೋಮಾದಲ್ಲಿಯೇ ಅಸೋರಿಸ್ ಮತ್ತು ಮದೀರಾ ದ್ವೀಪಗಳಿಂದ ಬಂದು ಟ್ಯೂನಾ ಮೀನಿನ ಬೇಟೆಯಿಂದ ಬಾಳಿದ ಪೋರ್ತುಗೀಸ್ ಕುಟುಂಬಗಳಿದ್ದುವು. ಅವರಿಗೆ ಈ ಪ್ರತಿಮೆಯು ತಾವು ಪರದೇಶದಲ್ಲಿ ಪರಕೀಯರಲ್ಲವೆಂಬ ಧೈರ್ಯವನ್ನು ಕೊಟ್ಟಿರಬೇಕು. ಇವೆಲ್ಲವೂ ಚರಿತ್ರೆಯೇ; ಪ್ರತಿಮೆಯು ಅದನ್ನು ನಿಜವಾಗಿ ಹೇಳುತ್ತದೆ.

ಆದರೆ ಪ್ರತಿಮೆಯು ಹೇಳದಿರುವ ಸಾಕ್ಷ್ಯವೂ ಒಂದುಂಟು. ಕೊಲ್ಲಿಯ ತೀರದಲ್ಲಿ ಕುಮೆಯಾಯ್ ಎಂಬ ಜನರು ಬಹುಕಾಲದಿಂದ ವಾಸವಾಗಿದ್ದರು. ಅವರಲ್ಲಿ ಬಹುಮಂದಿ ಹಡಗುಗಳನ್ನು ಕಂಡು ಓಡಿಹೋದರೆಂದೂ, ಆ ರಾತ್ರಿ ಮೀನು ಹಿಡಿಯಲು ಇಳಿದವರ ಮೇಲೆ ಬಾಣಗಳನ್ನು ಬಿಟ್ಟು ಮೂವರನ್ನು ಗಾಯಗೊಳಿಸಿದರೆಂದೂ ಯಾತ್ರಾಸಂಗ್ರಹವೇ ಹೇಳುತ್ತದೆ. ಅನಂತರ ಅವರು, ಒಳನಾಡಿನಲ್ಲಿ ಇಂತಹವೇ ಗಡ್ಡದ ಜನರು ಸಂಚರಿಸುತ್ತ ಅನೇಕರನ್ನು ಕೊಲ್ಲುತ್ತಿರುವರೆಂದು, ಈಟಿಯನ್ನು ತಿವಿಯುವಂತೆಯೂ ಕುದುರೆಯನ್ನು ಓಡಿಸುವಂತೆಯೂ ಅಭಿನಯಿಸಿ ತಿಳಿಸಿದರಂತೆ. ಅವರ ಭಯಕ್ಕೆ ಅದೇ ಕಾರಣ. ಕಬ್ರಿಯೋ ಕೊಲ್ಲಿಯನ್ನು ಕಂಡುಹಿಡಿದನೆಂಬ ಮಾತಿನ ಅರ್ಥವನ್ನು ಈ ವಾಕ್ಯಗಳೊಡನೆ ಸೇರಿಸಿಯೇ ಗ್ರಹಿಸಬೇಕು. ಅವನ ದೇಶವು ಯಾವುದೆಂದು ಎರಡು ರಾಜ್ಯಗಳವರು ವಾದಿಸುವಾಗ, ಅವನು ಬಂದಿಳಿದ ನೆಲವು ಯಾರದಾಗಿತ್ತೆಂಬ ಪ್ರಶ್ನೆಯು ಮರೆಯಾಗಕೂಡದು.

ಒಟ್ಟಿನಲ್ಲಿ ವಿಚಾರಿಸಿದರೆ, ದಿನಚರಿಯ ಸಂಗ್ರಹವು ಉಳಿದಿದೆ, ಮೂಲವಿಲ್ಲ. ಪ್ರತಿಮೆಯ ಪ್ರತಿಕೃತಿಯು ನಿಂತಿದೆ, ಮೂಲಶಿಲೆಯು ಸವೆದುಹೋಯಿತು. ಅವನಿಟ್ಟ ಹೆಸರು ಊರಿಗೆ ನಿಲ್ಲಲಿಲ್ಲ. ಅವನ ಬಾಯಿಂದಲೇ ಹೊರಟು ಜನ್ಮಸ್ಥಾನವನ್ನು ಹೇಳುವ ಮಾತು, ನ್ಯಾಯಸ್ಥಾನದ ಲೇಖಕನು ಬರೆದಿಟ್ಟ ಒಂದು ಕಾಗದದಲ್ಲಿ ಬದುಕಿಕೊಂಡಿತು. ಪ್ರತಿಮೆಯನ್ನು ಕೀಳುವುದಾಗಲಿ ದಾನಿಗಳನ್ನು ಹಳಿಯುವುದಾಗಲಿ ವಿದ್ವಾಂಸರ ಕೆಲಸವಲ್ಲ. ಅದನ್ನು ನೋಡಬಂದವರಿಗೆ 1532ರ ಪತ್ರದ ಮಾತನ್ನೂ ಕುಮೆಯಾಯ್ ಜನರ ಮಾತನ್ನೂ ತಿಳಿಯುವಂತೆ ಮಾಡುವುದು, ಒಂದು ಸಾಕ್ಷ್ಯದ ಮಗ್ಗುಲಲ್ಲಿ ಇನ್ನೊಂದನ್ನು ಇಟ್ಟು ಅವುಗಳ ಬಲಾಬಲವನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಡುವುದು, ಇಷ್ಟು ಮಾತ್ರವೇ ನಮ್ಮ ಕರ್ತವ್ಯ.